ರಿಪೇರಿಯವನ ಅಂಗಿ

ಹವ್ಯಾಸಗಳ ವಿಷಯದಲ್ಲಿ ಜಗಳವಾಡಬಾರದೆಂದು ಬಲ್ಲವರು ಹೇಳುತ್ತಾರೆ. ಒಬ್ಬನಿಗೆ ಅಂಚೆಚೀಟಿ, ಇನ್ನೊಬ್ಬನಿಗೆ ಹಳೆಯ ನಾಣ್ಯ, ಮತ್ತೊಬ್ಬನಿಗೆ ಬೆಂಕಿಪೊಟ್ಟಣದ ಮೇಲಿನ ಚಿತ್ರ. ಇದರಿಂದ ಯಾರಿಗೆ ಏನು ನಷ್ಟ? ನಾನೂ ಬಹುಕಾಲ ಹೀಗೆಯೇ ಎಣಿಸಿದ್ದೆ. ಹೋದ ತಿಂಗಳು ಪಟ್ಟಂದೂರು ಅಗ್ರಹಾರದಲ್ಲಿರುವ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿಬಂದ ಮೇಲೆ ಆ ಉದಾರಬುದ್ಧಿಯನ್ನು ಕೊಂಚ ತಿದ್ದಿಕೊಳ್ಳಬೇಕಾಗಿ ಬಂದಿದೆ.

ಆತ ಜಾಣ, ವಿನಯವಂತ. ಅಲ್ಲಿನ ಟೆಕ್ ಪಾರ್ಕಿನಲ್ಲಿ ಒಳ್ಳೆಯ ಉದ್ಯೋಗ. ಕಾಫಿ ಕೊಟ್ಟು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಗಾಜಿನ ಬೀರುವಿನಲ್ಲಿ ಒಂದು ಹಳೆಯ ಕೋಟು ತೂಗುಹಾಕಿತ್ತು. ಅದರ ಮೇಲೆ ಹಲ್ಲುಚಕ್ರ, ಸುತ್ತಿಗೆಗಳ ಲಾಂಛನ. ಮೇಜಿನ ಮೇಲೆ ನಲವತ್ತು ಐವತ್ತು ಕಪ್ಪುಬಿಳುಪು ಚಿತ್ರಗಳು, ಒಂದೊಂದಕ್ಕೂ ಒಂದೊಂದು ಲಕೋಟೆ. ಮುರಿದ ಸೇತುವೆಯ ಮುಂದೆ ನಗುತ್ತ ನಿಂತ ತರುಣರು. ನೀರಿನ ಕೊಳವೆಯ ಮೇಲೆ ಬಾಗಿದ ಬೆನ್ನುಗಳು. ಬಿದ್ದ ಗೋಡೆಯನ್ನು ಎತ್ತುತ್ತಿರುವ ಕೈಗಳು. ಎಲ್ಲವೂ ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯ ತಾಂತ್ರಿಕ ಸಹಾಯಕ ಪಡೆಗೆ ಸೇರಿದವು. ಆ ಪಡೆಯ ಹೆಸರು ಟೆಕ್ನಿಷೆ ನೋಟ್‌ಹಿಲ್ಫೆ, ಎಂದರೆ ತಾಂತ್ರಿಕ ಆಪತ್ಸಹಾಯ. ಸಂಗ್ರಾಹಕರ ಬಾಯಲ್ಲಿ ‘ಟೆನೊ’. ವಿದೇಶದ ಹರಾಜುಗಳಲ್ಲಿ ಕೂಗಿ ತರಿಸಿಕೊಂಡದ್ದಂತೆ.

ನನ್ನ ಮುಖ ನೋಡಿ ಆತನೇ ಮಾತು ತೆಗೆದ: “ಇದರಲ್ಲಿ ಕೆಟ್ಟದ್ದೇನೂ ಇಲ್ಲ ಸಾರ್. ಇವರು ಕೊಂದವರಲ್ಲ, ಬರೀ ರಿಪೇರಿಯವರು. ನಮ್ಮ ಹಾಗೆ ಟೆಕ್ನಿಕಲ್ ಜನ.”

‘ನಮ್ಮ ಹಾಗೆ’ ಎಂದನಲ್ಲ, ಆ ಮಾತೇ ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು.

ಮೊದಲು ಈ ರಿಪೇರಿಯವರ ಚರಿತ್ರೆಯನ್ನು ತುಸು ನೋಡೋಣ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ, 1919ರಲ್ಲಿ, ಒಟ್ಟೊ ಲುಮ್ಮಿಟ್ಷ್ ಎಂಬವನ ಮುಂದಾಳುತನದಲ್ಲಿ ಈ ಪಡೆ ಹುಟ್ಟಿತು. ಅದು ಮುಷ್ಕರಗಳ ಕಾಲ. ನೀರು, ಅನಿಲ, ವಿದ್ಯುತ್ತು ನಿಂತುಹೋಗದಂತೆ ನೋಡಿಕೊಳ್ಳುವುದು ಇವರ ಕೆಲಸ. ಕೇಳುವುದಕ್ಕೆ ಎಷ್ಟು ಸಾಧುವಾದ ಕೆಲಸ! ಆದರೆ ಕೂಲಿಗಾಗಿ ಬೀದಿಗಿಳಿದ ಕಾರ್ಮಿಕರ ಕಣ್ಣಿಗೆ ಇವರು ಮುಷ್ಕರ ಮುರಿಯಲು ಬಂದವರೇ. ಎಂದಮೇಲೆ ತೊಟ್ಟಿಲಲ್ಲಿದ್ದಾಗಲೂ ಈ ಕೂಸು ‘ಬರೀ’ ತಾಂತ್ರಿಕವಾಗಿರಲಿಲ್ಲ.

1933ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಬಂದಿತು. 1936ರಲ್ಲಿ ಹಿಮ್ಲರ್ ಇಡೀ ಜರ್ಮನಿಯ ಪೊಲೀಸರ ಮುಖ್ಯಸ್ಥನಾದ. ಆಮೇಲೆ ಟೆನೊ ಅವನ ಸಮವಸ್ತ್ರದ ಪೊಲೀಸ್ ಪಡೆಯ ಅಂಗವಾಗಿ, 1939ರ ಕಾನೂನಿನಿಂದ ಸಹಾಯಕ ಪೊಲೀಸು ಎನ್ನಿಸಿಕೊಂಡಿತು. ಯುದ್ಧ ಆರಂಭವಾದ ಮೇಲೆ ಈ ಜನ ಸೇನೆಯ ಬೆನ್ನಿಗೆ ಗೆದ್ದ ನಾಡುಗಳಿಗೆ ಹೋದರು. ವಿದ್ಯುತ್ತು, ನೀರು, ಸೇತುವೆಗಳನ್ನು ಸರಿಮಾಡಿದರು. ಜರ್ಮನಿಯ ಊರುಗಳ ಮೇಲೆ ಬಾಂಬು ಬಿದ್ದಾಗ ಇಟ್ಟಿಗೆಯ ರಾಶಿಯಿಂದ ಜೀವಗಳನ್ನು ಎತ್ತಿದವರಲ್ಲಿ ಇವರೂ ಇದ್ದರು. ಅದನ್ನು ಮರೆಮಾಚಿದರೆ ನನ್ನ ವಾದಕ್ಕೇ ಅವಮಾನ.

ಆದರೆ ಅದೇ ಪೊಲೀಸ್ ಪಡೆಯ ಬೇರೆ ತುಕಡಿಗಳು ಮಾಡಿದ್ದೇನು? 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ನಗರದ ಬಾಬಿಯಾರ್ ಕಮರಿಯಲ್ಲಿ 33,771 ಯಹೂದ್ಯರನ್ನು ಗುಂಡಿಟ್ಟು ಕೊಂದ ಕಾರ್ಯದಲ್ಲಿ ಅವು ಪಾಲುಗೊಂಡವು. ಅಲ್ಲಿ ಟೆನೊದವರು ಬಂದೂಕು ಹಿಡಿದರೆಂದು ನಾನು ಹೇಳುತ್ತಿಲ್ಲ. ಗೆದ್ದ ಊರನ್ನು ಕೈಯಲ್ಲಿ ಹಿಡಿದಿಡಬೇಕಾದರೆ ಬಂದೂಕಿನವನೂ ಬೇಕು, ದೀಪ ಹತ್ತಿಸುವವನೂ ಬೇಕು ಎನ್ನುತ್ತಿದ್ದೇನೆ. ಇಬ್ಬರೂ ಒಬ್ಬನೇ ಯಜಮಾನನ ಹಜಾರದಲ್ಲಿ ಹಾಜರಿ ಹಾಕುತ್ತಿದ್ದರು.

‘ಬರೀ ತಾಂತ್ರಿಕ’ ಎಂಬ ಮಾತು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಇನ್ನೊಂದು ದೃಷ್ಟಾಂತ. ಎರ್‌ಫುರ್ಟ್ ನಗರದಲ್ಲಿ ಟೋಫ್ ಮತ್ತು ಮಕ್ಕಳು ಎಂಬ ಹಳೆಯ ಕಾರ್ಖಾನೆಯಿತ್ತು. ಬಿಯರು ತಯಾರಿಸುವವರಿಗೆ ಯಂತ್ರ, ಕುಲುಮೆಗಳನ್ನು ಮಾಡಿಕೊಡುವುದು ಅದರ ಕಸಬು. ಆಷ್‌ವಿಟ್ಸ್ ಶಿಬಿರದಲ್ಲಿ ಹೆಣ ಸುಡುವ ಕುಲುಮೆಗಳನ್ನು ಕಟ್ಟಿಕೊಟ್ಟದ್ದೂ ಅದೇ. ಅದರ ಎಂಜಿನಿಯರ್ ಕುರ್ಟ್ ಪ್ರೂಫರ್ ಮತ್ತೆ ಮತ್ತೆ ಶಿಬಿರಕ್ಕೆ ಹೋಗಿ ಕೆಲಸ ನೋಡಿಕೊಂಡ. ಫ್ರಿಟ್ಸ್ ಸಾಂಡರ್ ಎಂಬ ಇನ್ನೊಬ್ಬ ಎಂಜಿನಿಯರ್ 1942ರಲ್ಲಿ, ಎಡೆಬಿಡದೆ ಹೆಣ ಸುಡುವ ಕುಲುಮೆಯೊಂದಕ್ಕೆ ಪೇಟೆಂಟು ಕೋರಿ ಅರ್ಜಿ ಬರೆದ. ಯಾರೂ ಕೇಳಿರಲಿಲ್ಲ, ಕಸಬಿನ ಉತ್ಸಾಹ! ಇವರೂ ಯಾರನ್ನೂ ಕೈಯಾರೆ ಕೊಂದವರಲ್ಲ. ಟೆನೊ ಮತ್ತು ಟೋಫ್ ಒಂದೇ ಎಂದು ಇದರ ಅರ್ಥವಲ್ಲ. ಆದರೆ ‘ನಾನು ಟೆಕ್ನಿಕಲ್’ ಎಂಬ ಸಮಾಧಾನ ಇಬ್ಬರಿಗೂ ಒಂದೇ ಅಳತೆಗೆ ಹೊಲಿದ ಅಂಗಿಯಂತೆ ಒಪ್ಪುತ್ತದೆ. ಎಲ್ಲರಿಗೂ ಒಪ್ಪುವ ಅಂಗಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಶಿಷ್ಯನ ಎರಡನೆಯ ವಾದ: “ನಾನು ಇತಿಹಾಸ ಉಳಿಸುತ್ತಿದ್ದೇನೆ ಸಾರ್. ನಾನು ಕೊಳ್ಳದಿದ್ದರೆ ತಿಪ್ಪೆಗೆ ಹೋಗುತ್ತಿತ್ತು.” ಈ ಮಾತಿಗೆ ಮನ್ನಣೆ ಕೊಡೋಣ. ಆದರೆ ಆತ ಉಳಿಸಿದ್ದು ಏನನ್ನು? ಯಾರೋ ಒಬ್ಬ ಸೈನಿಕನ ಮನೆಯಲ್ಲಿ ಒಂದು ಆಲ್ಬಮ್ಮು ಇರುತ್ತದೆ. ಆತ ಸತ್ತಮೇಲೆ ಅದು ವ್ಯಾಪಾರಿಯ ಕೈ ಸೇರುತ್ತದೆ. ಇಡಿಯಾಗಿ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಲಾಭ. ಪುಟಗಳಿಂದ ಚಿತ್ರ ಕೀಳುತ್ತಾರೆ. ಕೆಳಗೆ ಬರೆದಿದ್ದ ಊರು, ತೇದಿ, ಹೆಸರು ಪುಟದಲ್ಲೇ ಉಳಿದು ಹಾಳಾಗುತ್ತವೆ. ಸೇತುವೆ ಒಬ್ಬನಿಗೆ, ಕೊಳವೆ ಇನ್ನೊಬ್ಬನಿಗೆ, ಮೂರನೆಯ ಚಿತ್ರ ಯಾವ ಸಮುದ್ರದಾಚೆಗೋ! ಇದು ಉಳಿಸುವುದಲ್ಲ, ತಾಳೆಗರಿಯ ಕಟ್ಟು ಬಿಚ್ಚಿ ಒಂದೊಂದು ಗರಿಯನ್ನು ಚೆಂದಕ್ಕೆ ಗೋಡೆಗೆ ಹೊಡೆದ ಹಾಗೆ.

ಆಲ್ಬಮ್ಮು ಇಡಿಯಾಗಿ ಉಳಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2007ರಲ್ಲಿ ವಾಷಿಂಗ್ಟನ್ನಿನ ಹತ್ಯಾಕಾಂಡ ಸ್ಮಾರಕ ಸಂಗ್ರಹಾಲಯಕ್ಕೆ 116 ಚಿತ್ರಗಳ ಒಂದು ಆಲ್ಬಮ್ಮು ಬಂತು. ಅಧಿಕಾರಿಗಳು ಹಾಡುತ್ತಿದ್ದಾರೆ, ಅಕಾರ್ಡಿಯನ್ ನುಡಿಯುತ್ತಿದೆ, ಹುಡುಗಿಯರು ಬಟ್ಟಲಲ್ಲಿ ಹಣ್ಣು ತಿನ್ನುತ್ತಿದ್ದಾರೆ. ಒಂದೊಂದಾಗಿ ನೋಡಿದರೆ ವನಭೋಜನದ ಚಿತ್ರಗಳು. ಆದರೆ ಮೊದಲ ಪುಟದಲ್ಲಿ ಕೈಬರಹವಿತ್ತು: ಆಷ್‌ವಿಟ್ಸ್, 1944ರ ಜೂನ್ 21. ಅದು ಶಿಬಿರಾಧಿಪತಿಯ ಸಹಾಯಕ ಕಾರ್ಲ್ ಹೋಕರನದು. ಆ ಒಂದು ಸಾಲು ಇಲ್ಲದಿದ್ದರೆ ಆ ಹಣ್ಣಿನ ಬಟ್ಟಲು ಯಾರದೋ ದಿವಾನಖಾನೆಯಲ್ಲಿ ‘ಹಳೆಯ ಕಾಲದ ಮೋಜು’ ಎಂದು ತೂಗುತ್ತಿತ್ತು.

ಬರಹ ತಪ್ಪಿದರೂ ಅಷ್ಟೇ ಅನಾಹುತ. ಜರ್ಮನ್ ಸೇನೆಯ ಅಪರಾಧಗಳನ್ನು ತೋರಿಸಲು 1995ರಿಂದ ಹ್ಯಾಂಬರ್ಗಿನ ವಿದ್ವಾಂಸರು ನಡೆಸಿದ ಪ್ರದರ್ಶನದಲ್ಲಿ ಕೆಲವೇ ಚಿತ್ರಗಳ ಅಡಿಬರಹ ತಪ್ಪಾಗಿತ್ತು. ಅಲ್ಲಿ ಕಂಡ ಹೆಣಗಳಲ್ಲಿ ಕೆಲವು ಸೋವಿಯತ್ ರಹಸ್ಯ ಪೊಲೀಸರು ಕೊಂದವರವು. 1999ರಲ್ಲಿ ಇಡೀ ಪ್ರದರ್ಶನವನ್ನೇ ಹಿಂತೆಗೆದುಕೊಂಡು, ಪರಿಶೀಲಿಸಿ, 2001ರಲ್ಲಿ ಹೊಸದಾಗಿ ತೆರೆಯಬೇಕಾಯಿತು. ವಿದ್ವಾಂಸರ ಪಾಡೇ ಹೀಗಾದರೆ, ಹರಾಜಿನವನ ಎರಡು ಸಾಲಿನ ವರ್ಣನೆಯನ್ನು ನಂಬಿ ಇತಿಹಾಸ ಉಳಿಸುತ್ತೇನೆನ್ನುವವರನ್ನು ಏನೆನ್ನೋಣ?

ಕನ್ನಡದ ಮೇಷ್ಟ್ರಾದ ನನಗೆ ಇಲ್ಲಿ ವೀರಗಲ್ಲುಗಳ ನೆನಪಾಗುತ್ತದೆ. ಯುದ್ಧದ ನೆನಪನ್ನು ಹೇಗೆ ಇಡಬೇಕೆಂದು ನಮ್ಮ ಹಳ್ಳಿಗರಿಗೆ ಸಾವಿರ ವರ್ಷಕ್ಕೂ ಹಿಂದೆಯೇ ತಿಳಿದಿತ್ತು. ಎಲೆಕ್ಟ್ರಾನಿಕ್ ಸಿಟಿಯ ದಾರಿಗೆ ದೂರವಲ್ಲದ ಬೇಗೂರಿನಲ್ಲಿ, ಸುಮಾರು 890ರ ಗಂಗರ ಕಾಲದ ಕಲ್ಲು ‘ಬೆಂಗಳೂರು’ ಕಾಳಗವನ್ನು ಹೇಳುತ್ತದೆ. ನಾಗತ್ತರನ ಮಗ ಬುಟ್ಟಣಸೆಟ್ಟಿ ಅಲ್ಲಿ ಸತ್ತನೆನ್ನುತ್ತದೆ. ಒಂದೆರಡು ಸಾಲು, ಅಷ್ಟೇ. ಯಾರು, ಯಾರ ಕಡೆಯವನು, ಎಲ್ಲಿ ಸತ್ತ ಎಂಬುದು ಅದರಲ್ಲಿದೆ. ಅವನು ತೊಟ್ಟಿದ್ದ ಅಂಗಿ ಉಳಿದಿಲ್ಲ. ಅಂಗಿ ಉಳಿದು ಆ ಸಾಲುಗಳು ಅಳಿದಿದ್ದರೆ ನಮ್ಮ ಊರಿನ ಹೆಸರಿನ ಹಳೆಯ ದಾಖಲೆಯೊಂದನ್ನೇ ಕಳೆದುಕೊಂಡಿರುತ್ತಿದ್ದೆವು.

ಅನ್ಯರ ಬೀರುವಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಪೆಟ್ಟಿಗೆಗೂ ಕೇಳದಿದ್ದರೆ ಅದು ನ್ಯಾಯವಲ್ಲ. ಶಿಷ್ಯನ ಮನೆಯಿಂದ ನಗರದ ಕಡೆ ಬಂದರೆ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ಎಚ್.ಎ.ಎಲ್. ಇದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅದು; 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಗಿ, ಯುದ್ಧ ಮುಗಿಯುವವರೆಗೆ ಮಿತ್ರರಾಷ್ಟ್ರಗಳ ವಿಮಾನಗಳನ್ನು ರಿಪೇರಿ ಮಾಡಿತು. ಇನ್ನು ಹಲಸೂರಿನ ಮದರಾಸು ಸ್ಯಾಪರ್ಸ್ ಪಡೆ: ಅದರ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಮುಳ್ಳುತಂತಿ ಸಿಡಿಸಲು ಮಾಡಿದ ಮದ್ದಿನ ಕೊಳವೆಗೆ ಲೋಕವೆಲ್ಲ ‘ಬೆಂಗಳೂರು ಟಾರ್ಪೆಡೊ’ ಎಂದೇ ಹೆಸರು, 1944ರ ಜೂನಿನಲ್ಲಿ ನಾರ್ಮಂಡಿಯ ತೀರದಲ್ಲಿ ಅದು ಸಿಡಿಯಿತು. ನಮ್ಮ ಈ ರಿಪೇರಿಯವರೂ ಒಂದು ಸಾಮ್ರಾಜ್ಯದ ಸಂಬಳ ತಿಂದವರೇ. ಹಿಟ್ಲರನನ್ನು ಸೋಲಿಸಿದ ಪಕ್ಷದಲ್ಲಿದ್ದರು. ಆ ಪಕ್ಷವೇ 1942ರಲ್ಲಿ ನಮ್ಮವರನ್ನು ಜೈಲಿಗೂ ತಳ್ಳಿತ್ತು. ಇವೆರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು. ಅಂಥವರ ಮನೆಗಳ ಟ್ರಂಕುಗಳಲ್ಲಿ ಇರುವ ಚಿತ್ರಗಳ ಹಿಂದೆ ಹೆಸರು ಬರೆಯಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮ ಹುಡುಗರು ಜರ್ಮನಿಯ ಕೋಟಿಗೆ ಹಣ ಕಟ್ಟುತ್ತಿದ್ದಾರೆ.

ನಿಷೇಧ ಹೇರಬೇಕೆಂದು ನಾನು ಹೇಳುವವನಲ್ಲ. ಜರ್ಮನಿಯ ಕಾನೂನು ಕೂಡ ನಾತ್ಸಿ ಲಾಂಛನಗಳ ಬಹಿರಂಗ ಬಳಕೆಯನ್ನು ತಡೆದು, ಪಾಠಕ್ಕೂ ಸಂಶೋಧನೆಗೂ ಎಡೆ ಬಿಟ್ಟಿದೆ. ಅಲ್ಲಿ ಟೆನೊ 1945ರಲ್ಲಿ ಮುಗಿಯಿತು. 1950ರಲ್ಲಿ ಆ ಒಟ್ಟೊ ಲುಮ್ಮಿಟ್ಷ್‌ನ ನೇತೃತ್ವದಲ್ಲೇ ಹೊಸ ಪರಿಹಾರ ಸಂಸ್ಥೆಯೊಂದು ಹುಟ್ಟಿ ಇಂದಿಗೂ ನೆರೆ, ಭೂಕಂಪಗಳಲ್ಲಿ ದುಡಿಯುತ್ತಿದೆ. ಅದೇ ಸುತ್ತಿಗೆ, ಅದೇ ಕೊಳವೆ. ಬದಲಾದದ್ದು ಯಜಮಾನ, ಉದ್ದೇಶ. ಆ ವ್ಯತ್ಯಾಸವನ್ನು ಕೋಟು ತಾನಾಗಿ ಹೇಳುವುದಿಲ್ಲ, ಇಟ್ಟುಕೊಂಡವನು ಹೇಳಬೇಕು.

ಹೊರಡುವ ಮುಂಚೆ ಒಂದು ಚಿತ್ರವನ್ನು ತಿರುಗಿಸಿ ನೋಡಿದೆ. ಹಿಂದೆ ಪೆನ್ಸಿಲಿನ ಎರಡು ಸಾಲು. ನನಗೆ ತಿಳಿದದ್ದು 1941 ಎಂಬ ಅಂಕೆ ಮಾತ್ರ. “ಇದನ್ನು ಓದಿಸಿದ್ದೀಯೇನಪ್ಪ?” ಎಂದೆ. “ಇಲ್ಲ ಸಾರ್” ಎಂದ. ಆ ತೋಳಿನ ಲಾಂಛನ ಅಸಲಿಯೋ ನಕಲಿಯೋ ಎಂದು ಮೂವರು ತಜ್ಞರನ್ನು ಕೇಳಿದ್ದನಂತೆ.

ಅವನಿಗೆ ಹೇಳಿದ್ದನ್ನೇ ಇಂಥ ಹವ್ಯಾಸದ ಎಲ್ಲರಿಗೂ ಹೇಳುತ್ತೇನೆ. ಮುಂದಿನ ಕೋಟು ಕೊಳ್ಳುವ ಹಣದಲ್ಲಿ ಇರುವ ಚಿತ್ರಗಳ ಹಿಂಬದಿಯನ್ನು ಜರ್ಮನ್ ಬಲ್ಲವರಿಂದ ಓದಿಸಿ. ಆಲ್ಬಮ್ಮು ಸಿಕ್ಕರೆ ಇಡಿಯಾಗಿ ಕೊಳ್ಳಿ, ಇಲ್ಲವೆ ಕೊಳ್ಳಬೇಡಿ. ಬೀರುವಿನ ಗಾಜಿಗೆ ಒಂದು ಚೀಟಿ ಅಂಟಿಸಿ: ಈ ಅಂಗಿ ಯಾವ ಪಡೆಯದು, ಆ ಪಡೆ ಯಾರ ಅಪ್ಪಣೆಯಲ್ಲಿತ್ತು, ಆ ಅಪ್ಪಣೆಯಿಂದ ಏನೇನು ನಡೆಯಿತು. ಮನೆಗೆ ಬಂದ ಮಕ್ಕಳು ಓದುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಬರೆಯಲು ಮುಜುಗರವಾದರೆ ಆ ಅಂಗಿಯನ್ನು ಮನೆಯಲ್ಲಿ ಏಕೆ ತೂಗುಹಾಕಿದ್ದೀರಿ ಎಂಬುದನ್ನು ಒಮ್ಮೆ ಯೋಚಿಸಿ.