ಮುಪ್ಪಿನ ಶಾಸ್ತ್ರವೂ ಹಲಸೂರಿನ ಓಣಿಗಳೂ

ಬೆಂಗಳೂರಿನ ಹಲಸೂರಿನಿಂದ ಪೂರ್ವಾಭಿಮುಖವಾಗಿ ಹೊರಡುವ ಹಳೆಯ ಮದರಾಸು ರಸ್ತೆಯು ಕೃಷ್ಣರಾಜಪುರ, ಹೊಸಕೋಟೆಗಳನ್ನು ದಾಟಿ ಕೋಲಾರದ ಸೀಮೆಯನ್ನು ಸೇರುತ್ತದೆ. ಆ ಸೀಮೆಯ ಶ್ರೀನಿವಾಸಪುರವನ್ನು ನಾವು ಮಾವಿನ ಹಣ್ಣಿನ ನಿಮಿತ್ತದಿಂದ ಬಲ್ಲೆವೇ ಹೊರತು, ವಾರ್ಧಕ್ಯದ ಶಾಸ್ತ್ರದಲ್ಲಿ ಅದಕ್ಕೊಂದು ಸ್ಥಾನ ಲಭಿಸಿರುವುದನ್ನು ಅರಿತವರು ವಿರಳ.

ಈ ಶಾಸ್ತ್ರವು ಬಹುಕಾಲ ಪ್ರಯೋಗಶಾಲೆಯ ಗಾಜಿನೊಳಗೇ ಬೆಳೆಯಿತು. 1935ರಲ್ಲಿ ಅಮೆರಿಕದ ಮೆಕ್ಕೇ ಎಂಬವರು ಮಿತಾಹಾರದಿಂದ ಇಲಿಗಳ ಆಯುಸ್ಸು ವೃದ್ಧಿಸುವುದನ್ನು ತೋರಿಸಿದರು (ಏಕಾದಶಿಯ ಉಪವಾಸಕ್ಕೆ ಈ ಇಲಿಗಳನ್ನು ಸಾಕ್ಷಿಗೆ ಕರೆಯುವವರು ನಮ್ಮಲ್ಲಿ ಇಲ್ಲದಿಲ್ಲ). 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಅವರು ಮಾನವ ಜೀವಕೋಶಗಳು ಸುಮಾರು 50 ಸಲ ವಿಭಜನೆಗೊಂಡು ಅನಂತರ ನಿಂತುಬಿಡುವುವೆಂದು ಕಂಡರು. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರು ಒಂದೇ ಒಂದು ಜೀನಿನ ವ್ಯತ್ಯಾಸದಿಂದ ಸೂಕ್ಷ್ಮ ಹುಳುವೊಂದರ ಆಯುಸ್ಸು ಇಮ್ಮಡಿಯಾಗುವುದನ್ನು ಲೋಕಕ್ಕೆ ಸಾರಿದಾಗ, ಮುಪ್ಪೆಂಬುದು ಅನಿವಾರ್ಯವಾದ ಸವೆತವಷ್ಟೇ ಅಲ್ಲ, ದೇಹದೊಳಗಿಂದಲೇ ನಿಯಂತ್ರಿತವಾಗುವ ಒಂದು ವ್ಯಾಪಾರವೆಂಬ ಭಾವನೆ ಬಲಿಯಿತು. ಮುಪ್ಪಿನ ಲಕ್ಷಣಗಳು 9 ಎಂದು 2013ರಲ್ಲಿ ಎಣಿಸಿದ ವಿದ್ವಾಂಸರೇ 2023ರಲ್ಲಿ ಅವನ್ನು 12ಕ್ಕೆ ಏರಿಸಿದರು.

ಆದರೆ ಹುಳುವಿನ ಮುಪ್ಪೇ ಬೇರೆ, ಹೊಲದ ಬಿಸಿಲಿನಲ್ಲಿ ಆಯುಸ್ಸನ್ನು ಸವೆಸಿ, ತನಗೆ ರಕ್ತದೊತ್ತಡವಿದೆಯೆಂಬುದನ್ನೇ ಅರಿಯದೆ ನಡೆದ ರೈತನ ಮುಪ್ಪೇ ಬೇರೆ. ಆದಕಾರಣ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನ ಕೇಂದ್ರವು 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, 45 ವರ್ಷ ತುಂಬಿದ 10,000 ಮಂದಿಯ ರಕ್ತ, ನೆನಪು, ಮೆದುಳಿನ ಚಿತ್ರಗಳನ್ನು ದೀರ್ಘಕಾಲ ಪರೀಕ್ಷಿಸುತ್ತ ಬರುವ ಸಂಕಲ್ಪವನ್ನು ಕೈಗೊಂಡುದು, ನನ್ನ ಎಣಿಕೆಯಲ್ಲಿ, ಆಯುಸ್ಸನ್ನು ಹಿಗ್ಗಿಸುವ ಗುಳಿಗೆಯ ಬೇಟೆಗಿಂತ ದೊಡ್ಡ ಕಾರ್ಯ.

ನಗರದಲ್ಲಿಯೂ ಟಾಟಾ ಟ್ರಸ್ಟಿನ ನೆರವಿನಿಂದ ಇಂಥದೊಂದು ಅಧ್ಯಯನವುಂಟು. ಅದರ ಗುರಿ ಸಾವಿರ ಜನ. ಕೋಟಿ ಜನರ ಊರಿಗೆ ಇದು ಸಾಲದು. ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ, ನೆರೆಯವಳೊಡನೆ ಜಗಳಕ್ಕೆ ದಖ್ಖನಿ ಎಂದು ಬದುಕನ್ನು ನಡೆಸಿದ, ಅಕ್ಷರವನ್ನರಿಯದ ಮುದುಕಿಯರು ಹಲಸೂರಿನ ಸೋಮೇಶ್ವರ ದೇಗುಲದ ಸುತ್ತಣ ಓಣಿಗಳಲ್ಲಿ ಇಂದಿಗೂ ಇದ್ದಾರೆ. ಇವರ ಮಾತು ಕುತೂಹಲಕ್ಕಾಗಿ ಎತ್ತಿದುದಲ್ಲ. ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ ಹೈದರಾಬಾದಿನಲ್ಲಿ 648 ಮಂದಿ ಮರೆಗುಳಿ ರೋಗಿಗಳನ್ನು ಪರಿಶೀಲಿಸಿ, ಎರಡು ಭಾಷೆಗಳನ್ನಾಡುವವರಲ್ಲಿ ಆ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರುವುದೆಂದೂ, ಶಾಲೆಯ ಮೆಟ್ಟಿಲನ್ನೇರದವರಲ್ಲಿಯೂ ಈ ಅಂತರ ಕಾಣುವುದೆಂದೂ 2013ರಲ್ಲಿ ಪ್ರಕಟಿಸಿದರು. ಅಲ್ಲಾಡಿಯವರು ಅನಂತರ ನಮ್ಮ ನಿಮ್ಹಾನ್ಸ್‌ಗೇ ಬಂದರು. ಅವರ ಆ ನಿರ್ಣಯಕ್ಕೆ ಪ್ರತಿಯಾದ ಫಲಗಳೂ ಬೇರೆಡೆ ಬಂದಿವೆ, ವಾದ ಮುಗಿದಿಲ್ಲ. ಮುಗಿಸಬೇಕಾದರೆ ರೋಗ ಬಂದವರನ್ನು ಆಸ್ಪತ್ರೆಯಲ್ಲಿ ಎಣಿಸಿದರೆ ಸಾಲದು, ರೋಗ ಬರುವ ಮೊದಲೇ ಬಹುಭಾಷಿಕರ ಬಳಿ ಹೋಗಿ ಕಾಯಬೇಕು. ಅದಕ್ಕೆ ಹಲಸೂರನ್ನೊಳಗೊಂಡ ಈ ದಂಡುಪ್ರದೇಶಕ್ಕಿಂತ ಯೋಗ್ಯವಾದ ಕ್ಷೇತ್ರ ಮತ್ತೆಲ್ಲಿದೆ?

ಅಡಚಣೆ ಇರುವುದು ಹಣದ ಅವಧಿಯಲ್ಲಿ. ಮೂರು ವರ್ಷಕ್ಕೊಮ್ಮೆ ಫಲಿತಾಂಶವನ್ನು ಬೇಡುವ ಅನುದಾನದಿಂದ ಈ ಕೆಲಸ ಸಾಗದು. 45ರಲ್ಲಿ ಹೆಸರು ಬರೆಸಿದವಳು 75ಕ್ಕೆ ಬರುವ ತನಕ, ಸರಕಾರಗಳು ಬದಲಾದರೂ ದಾತೃಗಳ ಆಸಕ್ತಿ ಬೇರೆಡೆಗೆ ಹರಿದರೂ, ಅವಳನ್ನು ಪರೀಕ್ಷಿಸಲು ಬೇಕಾದ ಮೂವತ್ತು ವರ್ಷಗಳ ನಿಧಿಯನ್ನು ರಾಜ್ಯ ಸರಕಾರವು ಮೊದಲೇ ತೆಗೆದಿರಿಸಬೇಕು.