ಫ್ರಿಜ್ ಬಂತು, ಅರ್ತಿಂಗ್ ಎಲ್ಲಿ?

ಬಕ್ರೀದ್ ಹತ್ತಿರ ಬಂತೆಂದರೆ ನಮ್ಮ ಮೊಹಲ್ಲಾಗಳಿಗೆ ಫ್ರಿಜ್ ಹೊತ್ತ ಪಿಕಪ್‌ಗಳು ಬರುವುದು ಜಾಸ್ತಿ. ಗಲ್ಫಿನಿಂದ ರಜೆಯಲ್ಲಿ ಬಂದವರೂ ಕೊಳ್ಳುತ್ತಾರೆ, ಮದುವೆ ಮನೆಯವರೂ ಕೊಳ್ಳುತ್ತಾರೆ. ಸಿಂಗಲ್ ಡೋರಾ, ಡಬಲ್ ಡೋರಾ, ಎಷ್ಟು ಲೀಟರ್, ಎಷ್ಟು ಸ್ಟಾರ್ ಎಂದು ನಾಲ್ಕು ಅಂಗಡಿ ಸುತ್ತಿ ವಿಚಾರಿಸುತ್ತೇವೆ. ಮನೆಯಲ್ಲಿ ಅರ್ತಿಂಗ್ ಸರಿ ಇದೆಯಾ ಎಂದು ಕೇಳುವವರು ಮಾತ್ರ ಕಡಿಮೆ.

ಫ್ರಿಜ್ಜಿನ ಹೊರಮೈ ಲೋಹದ್ದು. ಒಳಗಿನ ವಯರ್ ಎಲ್ಲಾದರೂ ಸವೆದು ಅದಕ್ಕೆ ತಾಗಿದರೆ ಇಡೀ ಮೈಗೆ ಕರೆಂಟ್ ಬರುತ್ತದೆ. ಅರ್ತಿಂಗ್ ಇದ್ದರೆ ಅದು ಭೂಮಿಗೆ ಇಳಿಯುತ್ತದೆ, ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ದೇಹವೇ ಅದಕ್ಕೆ ದಾರಿ. ಮುಟ್ಟುವವರು ಯಾರು? ಪಾತ್ರೆ ತೊಳೆದ ಒದ್ದೆ ಕೈಯ ಉಮ್ಮ, ಮದ್ರಸ ಬಿಟ್ಟು ತಣ್ಣೀರಿಗೆ ಓಡುವ ಬರಿಗಾಲಿನ ಮಕ್ಕಳು. ನಮ್ಮ ಕರಾವಳಿಯ ಮಳೆಗಾಲದಲ್ಲಿ ನೆಲವೂ ತೇವ, ಗೋಡೆಯೂ ತೇವ. "ಮುಟ್ಟಿದರೆ ಸ್ವಲ್ಪ ಜುಂ ಅನ್ನುತ್ತೆ, ಅಷ್ಟೇ" ಎಂದು ಸುಮ್ಮನಿರುವ ಮನೆಗಳಿವೆ. ಆ ಜುಂ ಕೊನೆಯ ಎಚ್ಚರಿಕೆಯೂ ಆಗಬಹುದು. ಕೂಡಲೇ ಮೈನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು.

ಸಾಕೆಟ್‌ನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಎಂದಲ್ಲ. ಹಳೆಯ ಹಂಚಿನ ಮನೆಗಳಲ್ಲಿ, ಕೆಲವು ಬಾಡಿಗೆ ಮನೆಗಳಲ್ಲಿ ಮೇಲಿನ ತೂತಿಗೆ ವಯರೇ ಇರುವುದಿಲ್ಲ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಇದ್ದ ಅರ್ತಿಂಗೂ ದುರ್ಬಲವಾಗುತ್ತದೆ. ಆ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟ್ ಸೋರಿದ ಕ್ಷಣದಲ್ಲೇ ಅದು ಲೈನ್ ಕಡಿಯುತ್ತದೆ.

ಇದನ್ನೆಲ್ಲ ಹೇಳಿದರೆ "ಅಲ್ಲಾಹನು ಕಾಯುತ್ತಾನೆ ಉಸ್ತಾದ್" ಎನ್ನುತ್ತಾರೆ. ಕಾಯುವವನು ಅವನೇ, ಅದರಲ್ಲಿ ಸಂಶಯವಿಲ್ಲ. ಆದರೆ ಒಂಟೆಯನ್ನು ಕಟ್ಟಿಹಾಕಿದ ಮೇಲೆಯೇ ತವಕ್ಕುಲ್ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಜೀವ ನಮ್ಮ ಕೈಯಲ್ಲಿರುವ ಅಮಾನತ್. ಹಣದ ಮಾತಾದರೆ, ಫ್ರಿಜ್ಜಿಗೆ ಅಷ್ಟು ಸಾವಿರ ಕೊಟ್ಟವರು ಅರ್ತಿಂಗ್ ಖರ್ಚನ್ನೂ ಅದರ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಲಿ. ಬಾಡಿಗೆ ಮನೆಯಾದರೆ ಮಾಲಕರಲ್ಲಿ ಕೇಳಲು ನಾಚಿಕೆ ಬೇಡ. ಸರಿಯಾದ ಅರ್ತಿಂಗ್ ಕೊಡುವುದು ಅವರ ಮೇಲಿನ ಹಕ್ಕು.

ಉಳಿದದ್ದು ಕಷ್ಟದ ಕೆಲಸವಲ್ಲ. ಫ್ರಿಜ್ಜಿಗೆ ಅದರದ್ದೇ ಸಾಕೆಟ್ ಇರಲಿ; ಮಿಕ್ಸಿ, ಚಾರ್ಜರ್ ಸಿಕ್ಕಿಸಿದ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಅರ್ತ್ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ತುರುಕಬೇಡಿ. ಒಲೆಯಿಂದ ದೂರ, ಗೋಡೆಯಿಂದ ನಾಲ್ಕು ಬೆರಳಾದರೂ ಬಿಟ್ಟು, ಅಲುಗಾಡದಂತೆ ಸಮ ನೆಲದಲ್ಲಿಡಿ. ಗಾಡಿಯಲ್ಲಿ ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೆಳಗಿಳಿಯುವವರೆಗೆ ಕೆಲವು ಗಂಟೆ ನಿಲ್ಲಿಸಿಯೇ ಸ್ವಿಚ್ ಹಾಕಿ. ಫ್ರೀಜರಿನ ಐಸ್‌ಗೆ ಕತ್ತಿ ಹಾಕಬೇಡಿ. ಈಗಿನ ಹಲವು ಫ್ರಿಜ್‌ಗಳಲ್ಲಿರುವುದು ಬೆಂಕಿ ಹಿಡಿಯುವ ಗ್ಯಾಸ್. ಸಿಡಿಲು ಹತ್ತಿರವಾಗುವ ಮೊದಲೇ ಪ್ಲಗ್ ತೆಗೆಯಿರಿ.

ಜಮಾಅತ್‌ಗಳಲ್ಲೂ ಒಂದು ವಿನಂತಿ. ಬಡ ಮನೆಗೆ ಫ್ರಿಜ್ ಕೊಡಿಸುವ ದಾನಿಗಳು ಅರ್ತಿಂಗನ್ನೂ ಸೇರಿಸಿ ಕೊಡಿಸಲಿ. ಮೊಹಲ್ಲಾದಲ್ಲಿ ವಯರಿಂಗ್ ಬಲ್ಲ ಯುವಕರು ಎಷ್ಟೋ ಇದ್ದಾರೆ. ಮಳೆಗಾಲಕ್ಕೆ ಮುಂಚೆ ಒಂದು ಆದಿತ್ಯವಾರ ವಿಧವೆಯರ, ವೃದ್ಧರ ಮನೆಗಳನ್ನು ಅವರಿಂದ ನೋಡಿಸಬಹುದು. ಆರಂಭ ಮಸೀದಿ, ಮದ್ರಸಗಳ ವಾಟರ್ ಕೂಲರಿನಿಂದಲೇ ಆಗಲಿ. ವುಳೂ ಮಾಡಿದ ಒದ್ದೆ ಕೈಯಲ್ಲಿ ಮಕ್ಕಳು ಮೊದಲು ಮುಟ್ಟುವುದು ಅದನ್ನೇ.