ಮನಶ್ಶಾಸ್ತ್ರ ಓದಿದ ಮೇಲೆ ಮುಂದೇನು?

ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡ ಹುಡುಗಿಗೆ ಮದುವೆ ಮನೆಗಳಲ್ಲಿ ಎರಡು ಪ್ರಶ್ನೆಗಳು ಕಾದಿರುತ್ತವೆ. 'ನನ್ನ ಮನಸ್ಸಿನಲ್ಲಿ ಈಗೇನಿದೆ ಹೇಳು ನೋಡೋಣ' ಎಂಬುದು ಮೊದಲನೆಯದು. ಅದಕ್ಕೆ ನಕ್ಕು ಸುಮ್ಮನಾದರೂ ನಡೆಯುತ್ತದೆ. 'ಇದನ್ನು ಓದಿ ಮುಂದೇನು ಮಾಡ್ತೀಯಮ್ಮ?' ಎಂಬ ಎರಡನೆಯದಕ್ಕೆ ಮಾತ್ರ ಉತ್ತರ ಬೇಕು. ಆ ಉತ್ತರ ಕೊನೆಯ ವರ್ಷದ ಪರೀಕ್ಷೆ ಮುಗಿಯುವ ಮೊದಲೇ ಸಿದ್ಧವಿದ್ದರೆ ಒಳ್ಳೆಯದು.

ಬಿ.ಕಾಂ. ಮುಗಿಸಿದವನು ಯಾವುದಾದರೂ ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆಯಲು ಸೇರಬಹುದು. ಮನಶ್ಶಾಸ್ತ್ರದ ಪದವಿಗೆ ಅಂಥ ನೇರವಾದ ಕುರ್ಚಿ ಇಲ್ಲ. ಅದು ಹೊಸ್ತಿಲು ಮಾತ್ರ. ಒಳಗೆ ಯಾವ ಕೋಣೆಗೆ ಹೋಗಬೇಕೆಂಬುದು ಎಂ.ಎ. ಅಥವಾ ಎಂ.ಎಸ್ಸಿ. ಆರಿಸಿಕೊಳ್ಳುವಾಗ ತೀರ್ಮಾನವಾಗುತ್ತದೆ. ಅನೇಕರು ಸೀಟು ಸಿಕ್ಕಿದ ಕಡೆ ಸೇರಿ, ಕೋಣೆಯ ಯೋಚನೆಯನ್ನು ಆಮೇಲೆ ಮಾಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ಮನೋವೈದ್ಯರು ಬೇರೆ, ಮನಶ್ಶಾಸ್ತ್ರಜ್ಞರು ಬೇರೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದವರು, ಮಾತ್ರೆ ಬರೆದುಕೊಡುವ ಅಧಿಕಾರ ಅವರದು. ಕಲಾ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿ ಮನಶ್ಶಾಸ್ತ್ರಕ್ಕೆ ಬಂದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯದೆ ಮಗಳು 'ಡಾಕ್ಟರ್' ಆಗುತ್ತಾಳೆಂದು ಕಾದಿರುವ ತಂದೆ ತಾಯಿ ಇಂದಿಗೂ ಇದ್ದಾರೆ.

ಆಸ್ಪತ್ರೆಯಲ್ಲಿ ರೋಗಿಗಳೊಂದಿಗೆ ಕೆಲಸ ಮಾಡಬೇಕೆನ್ನುವವರ ಗುರಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ. ಈ ಬಾಗಿಲಿಗೆ ಕಾನೂನಿನ ಬೀಗವಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಪರಿಷತ್ತಿನ ದಾಖಲೆಯಲ್ಲಿ ಹೆಸರು ನೋಂದಾಯಿಸದೆ ಈ ವೃತ್ತಿ ನಡೆಸುವುದು ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಸ್ಪಷ್ಟವಾಗಿ ಹೇಳಿತು: ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಪರಿಷತ್ತು ಒಪ್ಪಿದ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್., ಅದರೊಳಗೆ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿದ ತರಬೇತಿ. ಈ ತರಬೇತಿಯ ಬೇರು ಬೆಂಗಳೂರಿನಲ್ಲೇ ಇದೆ. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1955ರಲ್ಲಿ ಇದು ಡಿಪ್ಲೊಮಾ ಆಗಿ ಆರಂಭವಾಯಿತು.

ಈಗ ಈ ದಾರಿಯೇ ದುರಸ್ತಿಯಲ್ಲಿದೆ. ಎಂ.ಫಿಲ್. ಎಂಬ ಪದವಿಯನ್ನು ಯುಜಿಸಿ ತನ್ನ 2022ರ ನಿಯಮಗಳಲ್ಲಿ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಈ ಎರಡಕ್ಕೆ ಮಾತ್ರ 2025-26ನೇ ಸಾಲಿನವರೆಗೆ ಅವಕಾಶ ವಿಸ್ತರಿಸಿತು. ಅದರ ಜಾಗ ತುಂಬಲು ಪುನರ್ವಸತಿ ಪರಿಷತ್ತು ಹೊಸ ಕೋರ್ಸುಗಳನ್ನು ರೂಪಿಸಿದೆ. ಆದ್ದರಿಂದ ಐದಾರು ವರ್ಷಗಳ ಹಿಂದೆ ಓದಿದ ಅಕ್ಕನೋ ಅಣ್ಣನೋ ಕೊಟ್ಟ ಸಲಹೆ ಇಂದು ಪೂರ್ತಿ ಅನ್ವಯಿಸದು. ಸೇರಬೇಕೆಂದಿರುವ ಕೋರ್ಸಿನ ಹೆಸರು, ಆ ಕಾಲೇಜಿನ ಹೆಸರು, ಆ ವರ್ಷದ ಪ್ರವೇಶಕ್ಕೆ ಒಪ್ಪಿಗೆ, ಈ ಮೂರೂ ಪರಿಷತ್ತಿನ ಪಟ್ಟಿಯಲ್ಲಿವೆಯೇ ಎಂದು ಸ್ವತಃ ನೋಡಿಕೊಳ್ಳಬೇಕು. ಕಾಲೇಜಿನ ಕೈಪಿಡಿಯಲ್ಲಿ 'ಕ್ಲಿನಿಕಲ್' ಎಂಬ ಪದ ದಪ್ಪಕ್ಷರದಲ್ಲಿದ್ದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ.

ವಯಸ್ಸಿನ ಲೆಕ್ಕವನ್ನೂ ಹಾಕಬೇಕು. ಕರ್ನಾಟಕದಲ್ಲಿ ಪದವಿ 2024ರಿಂದ ಮತ್ತೆ ಮೂರು ವರ್ಷದ್ದಾಗಿದೆ. ಇಪ್ಪತ್ತೊಂದಕ್ಕೆ ಬಿ.ಎ., ಇಪ್ಪತ್ಮೂರಕ್ಕೆ ಎಂ.ಎ., ಆಮೇಲೆ ಎರಡು ವರ್ಷ ತರಬೇತಿ. ಎಲ್ಲ ಸುಸೂತ್ರವಾಗಿ ನಡೆದರೂ ಇಪ್ಪತ್ತೈದು. ಸೀಟುಗಳು ಕಡಿಮೆ, ಆಕಾಂಕ್ಷಿಗಳು ಹೆಚ್ಚು. ಪ್ರವೇಶ ಪರೀಕ್ಷೆಯನ್ನು ಎರಡು ಮೂರು ಸಲ ಬರೆಯುವವರು ಅಪರೂಪವಲ್ಲ. ಸರ್ಕಾರಿ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಶಿಷ್ಯವೇತನದ ಆಸರೆ ಇರುತ್ತದೆ, ಖಾಸಗಿಯಲ್ಲಿ ಶುಲ್ಕವೇ ಲಕ್ಷಗಳ ಮಾತು. ಇಪ್ಪತ್ತೊಂದಕ್ಕೆ ಸಂಬಳ ತರಲೇಬೇಕಾದ ಮನೆಯಿಂದ ಬಂದವರು ಇದನ್ನು ಮುಚ್ಚುಮರೆಯಿಲ್ಲದೆ ಹಿರಿಯರೊಡನೆ ಮಾತಾಡಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಎಂ.ಎ. ಮತ್ತು ತರಬೇತಿಯ ನಡುವಿನ ಆ ಒಂದೆರಡು ವರ್ಷಗಳಲ್ಲೇ ಜಾತಕಗಳು ಹೊರಬರುತ್ತವೆ. ಓದು ಅಲ್ಲೇ ನಿಂತುಹೋಗುವುದನ್ನು ಕಂಡ ಪ್ರಾಧ್ಯಾಪಕರು ಬೇಕಾದಷ್ಟು ಮಂದಿ.

ಆ ಕಾಯುವ ಕಾಲದಲ್ಲಿ ಕೈಕಟ್ಟಿ ಕೂರಬೇಕಿಲ್ಲ. ವಿಶೇಷ ಶಾಲೆಗಳು, ಮದ್ಯವ್ಯಸನ ಬಿಡಿಸುವ ಕೇಂದ್ರಗಳು, ಸರ್ಕಾರಿ ಆಸ್ಪತ್ರೆಗಳ ಎಚ್‌ಐವಿ ಪರೀಕ್ಷಾ ಕೇಂದ್ರಗಳು ಆಪ್ತಸಮಾಲೋಚಕರನ್ನು ತೆಗೆದುಕೊಳ್ಳುತ್ತವೆ. ಬಹುಪಾಲು ಗುತ್ತಿಗೆ ಕೆಲಸ, ಸಂಬಳ ಸಾಧಾರಣ. ಆದರೆ ಅಳುತ್ತಿರುವ ಮನುಷ್ಯನ ಎದುರು ಸುಮ್ಮನೆ ಕೂತು ಕೇಳಿಸಿಕೊಳ್ಳುವುದು ತನ್ನಿಂದ ಸಾಧ್ಯವೇ ಎಂಬುದು ಅಲ್ಲಿ ಆರು ತಿಂಗಳಲ್ಲಿ ಗೊತ್ತಾಗುತ್ತದೆ. ಅಂಕಪಟ್ಟಿ ಅದನ್ನು ಹೇಳುವುದಿಲ್ಲ.

ಶಾಲೆಗಳ ಕಡೆಯೂ ನೋಡಬಹುದು. ಸಿಬಿಎಸ್‌ಇ ಶಾಲೆಗಳಲ್ಲಿ ಆಪ್ತಸಮಾಲೋಚಕರು ಇರಬೇಕೆಂಬ ನಿಯಮವಿದೆ. ಬೋಧನೆಯನ್ನು ಇಷ್ಟಪಡುವವರು ಎಂ.ಎ.ಯಲ್ಲಿ ಶೇ 55 ಅಂಕ ಪಡೆದು ನೆಟ್ ಅಥವಾ ಕೆ-ಸೆಟ್ ಬರೆಯಬಹುದು. ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಿವೆ. ಸೈನ್ಯದ ಅಧಿಕಾರಿಗಳ ಆಯ್ಕೆಯಲ್ಲೂ ಮನಶ್ಶಾಸ್ತ್ರಜ್ಞರಿದ್ದಾರೆ. ಒಂದೊಂದಕ್ಕೆ ಹದಿನೈದು ಸೆಕೆಂಡಿನಂತೆ 60 ಪದಗಳನ್ನು ತೋರಿಸಿ ಅಭ್ಯರ್ಥಿಯಿಂದ ವಾಕ್ಯ ಬರೆಸಿ ಅವನ ಸ್ವಭಾವ ಅಳೆಯುವುದು ಅವರ ಕೆಲಸ. ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗುವವರಿಗೆ ಜೊತೆಗೊಂದು ಎಂ.ಬಿ.ಎ. ಇದ್ದರೆ ಅನುಕೂಲ.

ಹೆಚ್ಚು ಎಚ್ಚರ ಬೇಕಾದದ್ದು ಬೀಗವಿಲ್ಲದ ಬಾಗಿಲಿನಲ್ಲಿ, ಅಂದರೆ ಖಾಸಗಿ ಆಪ್ತಸಮಾಲೋಚನೆಯಲ್ಲಿ. ಎರಡು ಭಾನುವಾರಗಳ ಶಿಬಿರ ಮುಗಿಸಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದವರೂ ಇಲ್ಲಿದ್ದಾರೆ, ಇಪ್ಪತ್ತು ವರ್ಷ ದುಡಿದ ನುರಿತವರೂ ಇದ್ದಾರೆ. ಬಂದವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಇಂಥ ವೃತ್ತಿಪರರನ್ನೂ ನೋಂದಣಿಯ ವ್ಯಾಪ್ತಿಗೆ ತರುವ ರಾಷ್ಟ್ರೀಯ ಕಾಯ್ದೆಯೊಂದು 2021ರಲ್ಲಿ ಬಂದಿದೆ. ಅದರ ಬೆನ್ನಲ್ಲೇ, ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿರ್ಬಂಧಿಸಿತು. ಮಕ್ಕಳನ್ನು ಸಾಕುತ್ತ ಮನೆಯಲ್ಲೇ ಓದಿಕೊಳ್ಳಬೇಕೆಂದಿದ್ದ ಗೃಹಿಣಿಯರಿಗೆ ಇದು ದೊಡ್ಡ ಪೆಟ್ಟು. ಆದರೂ ಒಬ್ಬ ರೋಗಿಯ ಮುಖವನ್ನೂ ನೋಡದೆ ಪದವಿ ಪಡೆಯುವುದನ್ನು ಸಮರ್ಥಿಸುವುದು ಕಷ್ಟ.

ಇನ್ನು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಎಂ.ಎ. ತರಗತಿಯ ಇಂಗ್ಲಿಷಿಗೆ ಅಳುಕುತ್ತಾರೆ, ಅಳುಕು ಸಹಜವೇ. ಆದರೆ ಕೆಲಸಕ್ಕೆ ನಿಂತಾಗ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. 'ಎದೆ ಉರಿ', 'ತಲೆ ಜುಮ್ ಅನ್ನುತ್ತೆ', 'ಯಾಕೋ ಮನಸ್ಸೇ ಇಲ್ಲ' ಎನ್ನುವ ರೋಗಿಯ ಮಾತಿನೊಳಗೆ ಖಿನ್ನತೆ ಅಡಗಿದೆಯೇ ಎಂದು ಹುಡುಕಲು ಆ ಭಾಷೆ ಒಳಗಿನಿಂದ ಗೊತ್ತಿರಬೇಕು. ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು ಇದೇ ಕಾರಣಕ್ಕೆ. ಬಿನೆ-ಕಾಮತ್ ಪರೀಕ್ಷೆ ದಶಕಗಳ ಕಾಲ ಬಳಕೆಯಲ್ಲಿತ್ತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದವರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಮನಶ್ಶಾಸ್ತ್ರ ಓದಿದವರು ಎಲ್ಲಿಗೆ ಬೇಕಾದರೂ ತಲುಪಿಯಾರು!

ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಸ್ಥಾನವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡುವವರು ತಮ್ಮ ಭಾಷೆಯಲ್ಲೇ ಮಾತಾಡಬಹುದು. ಇಂಥ ಕೆಲಸಗಳಿಗೆ ಅರ್ಜಿ ಕರೆದಾಗ ಪ್ರಕಟಣೆಯಲ್ಲಿ ಕೇಳಿರುವ ವಿದ್ಯಾರ್ಹತೆಯನ್ನು ಬಿ.ಎ. ಮೊದಲ ವರ್ಷದಲ್ಲಿರುವವರೂ ಕತ್ತರಿಸಿ ಇಟ್ಟುಕೊಳ್ಳಲಿ. ಎಂ.ಎ.ಗೆ ಎಲ್ಲಿ ಸೇರಬೇಕೆಂಬ ಚರ್ಚೆ ಮನೆಯಲ್ಲಿ ಎದ್ದಾಗ ಆ ಚೀಟಿಯನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡಬಹುದು.